ಇಂಟರ್‌ನ್ಯಾಷನಲ್ ಪಾಲಿಸಿ ಮಾಸ್ಟರ್ಸ್: ಅಡ್ವೈಸರ್, ಕ್ರೆಡಿಟ್, ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಆಮೇಲೆ ಅಮೆರಿಕದಲ್ಲಿ ಎರಡು ವರ್ಷ ಇಂಟರ್‌ನ್ಯಾಷನಲ್ ಪಾಲಿಸಿ ಓದಿ, ಈಗ ಮೈಸೂರಿಗೇ ಬಂದು ಕೂತಿದ್ದೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕವರು, ಕಾಗದ ಬರೆದವರು, ಮೆಸೇಜ್ ಮಾಡಿದವರು, ಮಂಡ್ಯದಿಂದ ಬಸ್ ಹತ್ತಿ ಮನೆಗೇ ಬಂದವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಇಲ್ಲಿ ಹಾಕಿದ್ದೇನೆ. ನಿಯಮ ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬೇರೆ, ಹೆಚ್ಚಿನ ಕಡೆ ನೀವು ಸೇರಿದ ವರ್ಷದ ಹ್ಯಾಂಡ್‌ಬುಕ್ ನಿಮಗೆ ಲಾಗು, ನಿಮ್ಮ ಸೀನಿಯರ್ ಸೇರಿದ ವರ್ಷದ್ದಲ್ಲ. ಸೀನಿಯರ್ ಮಾತು ನಂಬಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

### ಹೊರಡುವ ಮುಂಚಿನ ಗೊಂದಲ

ಇಂಟರ್‌ನ್ಯಾಷನಲ್ ಪಾಲಿಸಿ ಅಂದ್ರೆ ನಮ್ಮ ಪೊಲಿಟಿಕಲ್ ಸೈನ್ಸ್ ಎಂ.ಎ.ನೇ ತಾನೆ, ಹೆಸರು ಮಾತ್ರ ದೊಡ್ಡದು?

ಅಲ್ಲ. ಎಂ.ಎ.ಯಲ್ಲಿ ನಮಗೆ ಸಿದ್ಧಾಂತ ಜಾಸ್ತಿ. ದೇಶಗಳು ಹೀಗೆ ಯಾಕೆ ನಡೆದುಕೊಳ್ಳುತ್ತವೆ ಅಂತ ಓದುತ್ತೇವೆ. ಪಾಲಿಸಿ ಕೋರ್ಸಿನಲ್ಲಿ ಕೇಳುವ ಪ್ರಶ್ನೆ ಬೇರೆ: ನಾಳೆ ಬೆಳಿಗ್ಗೆ ಮಂತ್ರಿಗಳಿಗೆ ಏನು ಹೇಳುತ್ತೀರಿ? ಅದಕ್ಕೇ ಅಲ್ಲಿ ಎಕನಾಮಿಕ್ಸ್, ಸ್ಟಾಟಿಸ್ಟಿಕ್ಸ್, ಎರಡೇ ಪುಟದಲ್ಲಿ ವಿಷಯ ಮುಗಿಸುವ ಮೆಮೊ ಬರೆಯೋದು ಇವೆಲ್ಲ ಕಡ್ಡಾಯ.

ನಮ್ಮ ಮಂಡ್ಯದ ಹುಡುಗ ಒಬ್ಬ ತನ್ನ ಮೊದಲ ಮೆಮೊ ಗಂಗಾ ನೀರಿನ ಒಪ್ಪಂದದ ಮೇಲೆ ಬರೆದ. ಅದು 1996ರಲ್ಲಿ ಭಾರತ, ಬಾಂಗ್ಲಾದೇಶ 30 ವರ್ಷಕ್ಕೆ ಅಂತ ಸಹಿ ಹಾಕಿದ ಒಪ್ಪಂದ. ಇವನು ವಿಶ್ವೇಶ್ವರಯ್ಯ ನಾಲೆ ಪಕ್ಕ ಬೆಳೆದವನು, ಬೆಳಿಗ್ಗೆ ಪೇಪರಿನಲ್ಲಿ ಮೊದಲು ಕೆ.ಆರ್.ಎಸ್. ಮಟ್ಟ 124.80 ಅಡಿಗೆ ಎಷ್ಟು ಕಮ್ಮಿ ಇದೆ ಅಂತ ನೋಡುವ ಮನೆಯವನು. ಬೇಸಿಗೆಯಲ್ಲಿ ನೀರಿಲ್ಲದಾಗ ಕೊರತೆಯನ್ನು ಹಂಚೋದು ಹೇಗೆ ಅನ್ನೋದೇ ನಿಜವಾದ ಜಗಳ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮೊದಲ ಮೆಮೊಗೆ ಬಂದದ್ದು ಬಿ ಗ್ರೇಡ್. ಯಾಕೆ ಅಂದರೆ ಇತಿಹಾಸ ಒಂದೂವರೆ ಪುಟ ಬರೆದು, ಏನು ಮಾಡಬೇಕು ಅನ್ನೋದನ್ನು ಮೂರು ಸಾಲಿನಲ್ಲಿ ಮುಗಿಸಿದ್ದ. ನಮ್ಮ ಎಂ.ಎ. ಅಭ್ಯಾಸ ಅದು, ಬಿಡೋಕೆ ಒಂದು ಸೆಮಿಸ್ಟರ್ ಬೇಕು.

ನಂದು ಮೂರು ವರ್ಷದ ಬಿ.ಎ., ಅದು ಸಾಕಾಗುತ್ತಾ?

ಇಂಗ್ಲೆಂಡಿಗೆ ತೊಂದರೆ ಇಲ್ಲ, ಅವರದೂ ಮೂರೇ ವರ್ಷ. ಅಮೆರಿಕದಲ್ಲಿ ಕೆಲವು ಕಡೆ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಒಟ್ಟು ನಾಲ್ಕು ವರ್ಷ ಬೇಕು ಅಂತಾರೆ. ಬಿ.ಎ. ಮೇಲೆ ಇಲ್ಲಿನ ಎಂ.ಎ. ಇದ್ದರೆ ಸಾಮಾನ್ಯವಾಗಿ ಆ ಪ್ರಶ್ನೆ ಏಳಲ್ಲ. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಆಯ್ತಲ್ಲ, ಹಾಗಾಗಿ ಒಂದೇ ಕಾಲೇಜಿನ ಎರಡು ಬ್ಯಾಚಿಗೆ ಎರಡು ಥರದ ಸರ್ಟಿಫಿಕೇಟ್ ಇರುತ್ತದೆ. ಅರ್ಜಿ ಹಾಕುವ ಮುಂಚೆ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಹಾಕಿ, ಬಂದ ಉತ್ತರ ಜೋಪಾನ ಮಾಡಿ. ಅರ್ಜಿ ಶುಲ್ಕ ಕಟ್ಟಿದ ಮೇಲೆ ಕೇಳಬೇಡಿ.

ಕ್ರೆಡಿಟ್ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ, ತಲೆನೇ ಓಡ್ತಿಲ್ಲ

ಗಂಗೋತ್ರಿಯಲ್ಲಿ ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಅಂತ ಓದಿದವರಿಗೆ ಇದು ಅರ್ಥ ಆಗುತ್ತದೆ. ಅಲ್ಲೂ ಅದೇ ಕಥೆ, ಹೆಸರು ಬೇರೆ. ಎಲ್ಲರಿಗೂ ಕಡ್ಡಾಯವಾದ ಕೋರ್, ನೀವು ಆರಿಸಿಕೊಂಡ ವಿಭಾಗದ ಕೋರ್ಸುಗಳು, ಮಿಕ್ಕಿದ್ದು ಎಲೆಕ್ಟಿವ್. ವಿಭಾಗ ಅಂದರೆ ಭದ್ರತೆ, ವ್ಯಾಪಾರ, ಪರಿಸರ, ಸೈಬರ್ ನೀತಿ ಇಂಥವು.

ಅಂಕಿಯಲ್ಲಿ ಎಡವೋದು ಎಲ್ಲಿ ಅಂದರೆ, ಸೆಮಿಸ್ಟರ್ ಪದ್ಧತಿಯ 1 ಕ್ರೆಡಿಟ್ ಕ್ವಾರ್ಟರ್ ಪದ್ಧತಿಯ (ವರ್ಷವನ್ನು ಇನ್ನೂ ಸಣ್ಣ ಅವಧಿಗಳಾಗಿ ಹಂಚುವ ಕ್ರಮ) 1.5 ಯೂನಿಟ್‌ಗೆ ಸಮ. ಹಾಗಾಗಿ 48 ಕ್ರೆಡಿಟ್ಟಿನ ಕೋರ್ಸಿಗಿಂತ 72 ಯೂನಿಟ್ಟಿನದು ದೊಡ್ಡದು ಅಂತ ತಿಳಿದರೆ ತಪ್ಪು, ಎರಡೂ ಒಂದೇ. ಇಂಗ್ಲೆಂಡಿನ ಒಂದು ವರ್ಷದ ಮಾಸ್ಟರ್ಸ್ 180 ಕ್ರೆಡಿಟ್. ಯುರೋಪಿನ ಎರಡು ವರ್ಷದ್ದು 120. ಕೇಳಿದರೆ ಉಲ್ಟಾ ಅನಿಸುತ್ತದೆ, ಅಲ್ವಾ? ಇಂಗ್ಲೆಂಡಿನ 2 ಕ್ರೆಡಿಟ್ ಯುರೋಪಿನ 1ಕ್ಕೆ ಸಮ, ಅಷ್ಟೇ ಗುಟ್ಟು.

### ಸೇರಿದ ಮೇಲೆ

ಅಕ್ಕ, ಅಡ್ವೈಸರ್ ಅಂದ್ರೆ ನಮ್ಮ ಗೈಡ್ ಥರಾನಾ?

ನಮ್ಮಲ್ಲಿ ಗೈಡ್ ಅಂದರೆ ಪಿಎಚ್.ಡಿ.ಗೆ. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅಲ್ಲಿ ಮಾಸ್ಟರ್ಸ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಒಬ್ಬರು ಆಫೀಸಿನ ಅಕಾಡೆಮಿಕ್ ಅಡ್ವೈಸರ್. ಇವರು ಪಾಠ ಮಾಡಲ್ಲ. ನಿಯಮ, ಕ್ರೆಡಿಟ್, ಕೊನೆ ದಿನಾಂಕ, ಫಾರಂ ಇವೆಲ್ಲ ಇವರ ಕೈಲಿ. ಇನ್ನೊಬ್ಬರು ಪ್ರೊಫೆಸರ್. ಯಾವ ವಿಷಯ ಹಿಡೀಬೇಕು, ಯಾರ ಕ್ಲಾಸಿಗೆ ಕೂರಬೇಕು, ಮುಂದೆ ಪಿಎಚ್.ಡಿ. ಮಾಡೋದಾ ಕೆಲಸಕ್ಕೆ ಹೋಗೋದಾ ಅನ್ನೋದು ಇವರ ಹತ್ತಿರ.

ಇವರನ್ನು ಅದಲುಬದಲು ಮಾಡಿಕೊಂಡರೆ ಕಷ್ಟ. ಪ್ರೊಫೆಸರ್ ಹತ್ತಿರ ಹೋಗಿ ಈ ಕೋರ್ಸ್ ನನ್ನ ವಿಭಾಗಕ್ಕೆ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದರೆ, ಬರಬಹುದು ಅಂತಾರೆ, ಪಾಪ ಒಳ್ಳೇ ಮನಸ್ಸಿಂದಲೇ. ಆದರೆ ಪದವಿ ಲೆಕ್ಕ ನೋಡುವುದು ಆಫೀಸಿನವರು. ಆ "ಬರಬಹುದು" ಅಲ್ಲಿ ನಡೆಯಲ್ಲ.

ಇಬ್ಬರಲ್ಲಿ ಯಾರೂ ನಿಮ್ಮ ಪರವಾಗಿ ತೀರ್ಮಾನ ಮಾಡಲ್ಲ. ಸಹಿ ಅವರದು, ಹೊಣೆ ನಿಮ್ಮದು. ನಮ್ಮ ಹುಡುಗರು ಒಗ್ಗಿಕೊಳ್ಳೋಕೆ ಜಾಸ್ತಿ ಸಮಯ ತಗೊಳ್ಳೋದು ಇದಕ್ಕೇ.

ಮೊದಲ ಸಲ ಅಡ್ವೈಸರ್ ಹತ್ತಿರ ಹೋಗುವಾಗ ಏನು ತಗೊಂಡು ಹೋಗಲಿ?

ನಾನು ಖಾಲಿ ಕೈಯಲ್ಲಿ ಹೋಗಿದ್ದೆ. ಅರ್ಧ ಗಂಟೆ ಕೊಟ್ಟಿದ್ದರು. ಏನು ಮಾಡಬೇಕು ಅಂತಿದ್ದೀಯ ಅಂತ ಕೇಳಿದರು. ನೀವು ಹೇಳಿದ ಹಾಗೆ ಮೇಡಂ ಅಂದೆ. ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಗೋಡೆ ಗಡಿಯಾರ ಮಾತ್ರ ಸದ್ದು ಮಾಡುತ್ತಿತ್ತು. ಹತ್ತೇ ನಿಮಿಷಕ್ಕೆ ಹೊರಗೆ ಬಂದೆ, ವಿನಯವಾಗಿ ನಡೆದುಕೊಂಡೆ ಅನ್ನೋ ಸಮಾಧಾನ ಬೇರೆ!

ಎರಡನೇ ಸಲ ಒಂದು ಹಾಳೆ ತಗೊಂಡು ಹೋದೆ. ರೂಲ್ ಹಾಕಿದ ನೋಟ್‌ಬುಕ್ಕಿನದೇ. ಅಡ್ಡ ಇಟ್ಟು ನಾಲ್ಕು ಸೆಮಿಸ್ಟರಿಗೆ ನಾಲ್ಕು ಮನೆ ಗೆರೆ ಹಾಕಿ, ಕಡ್ಡಾಯ ಕೋರ್ಸ್ ಪೆನ್ನಲ್ಲಿ, ಆಸೆ ಇರುವುದು ಪೆನ್ಸಿಲಲ್ಲಿ ಬರೆದಿದ್ದೆ. ಪ್ರತಿ ಮನೆ ಕೆಳಗೆ ಕ್ರೆಡಿಟ್ ಮೊತ್ತ. ಅವರು ನೋಡಿ ಎರಡೇ ನಿಮಿಷಕ್ಕೆ ಬೆರಳಿಟ್ಟು ತೋರಿಸಿದರು: ಮೂರನೇ ಮನೆಯಲ್ಲಿ ಬರೆದ ಕೋರ್ಸ್ ವರ್ಷ ಬಿಟ್ಟು ವರ್ಷ ಮಾತ್ರ ನಡೆಯುತ್ತದೆ, ನಿನಗೆ ಸಿಗಬೇಕಾದರೆ ಈಗಲೇ ತಗೋ. ಆ ಹಾಳೆ ಇಲ್ಲದಿದ್ದರೆ ಅದು ಅವರಿಗೂ ಹೊಳೆಯುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಭೇಟಿ ಮುಗಿದ ದಿನವೇ "ನಾವು ಮಾತಾಡಿದ್ದು ಇಷ್ಟು" ಅಂತ ನಾಲ್ಕು ಸಾಲು ಇಮೇಲ್ ಹಾಕಿ. ಅವರು ಸರಿ ಅಂದರೆ ಅದೇ ದಾಖಲೆ. ಅಡ್ವೈಸರ್ ಕೆಲಸ ಬಿಟ್ಟು ಹೋದರೂ ಇಮೇಲ್ ಇರುತ್ತದೆ.

ಪ್ರೊಫೆಸರನ್ನ ಹೆಸರು ಹಿಡಿದು ಕರೀಬೇಕಂತೆ, ಹೌದಾ?

ಅವರೇ ಹಾಗೆ ಕರಿ ಅಂದರೆ ಕರೆಯಿರಿ. ಅಲ್ಲಿವರೆಗೆ ಪ್ರೊಫೆಸರ್ ಅಂತ ಸೇರಿಸಿ ಮನೆತನದ ಹೆಸರು. ನನಗೆ ಎರಡು ವರ್ಷ ಆದರೂ ಬಾಯಿ ಬರಲಿಲ್ಲ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಎಕನಾಮಿಕ್ಸ್ ಇಲ್ಲಿ ಓದಿದೀನಿ, ಅಲ್ಲಿ ಮತ್ತೆ ಓದಲೇಬೇಕಾ?

ಬೇಡದೆ ಇರಬಹುದು. ಇದಕ್ಕೆ ವೇವರ್ ಅಂತಾರೆ. ಕೆಲವು ಕಡೆ ಒಂದು ಪರೀಕ್ಷೆ ಇಡುತ್ತಾರೆ, ಕೆಲವು ಕಡೆ ಹಳೇ ಸಿಲಬಸ್ ಕೇಳುತ್ತಾರೆ. ಮಾರ್ಕ್ಸ್ ಕಾರ್ಡ್ ಒಂದೇ ಇದ್ದರೆ ಸಾಕಾಗಲ್ಲ, ಯಾವ ಘಟಕದಲ್ಲಿ ಏನು ಓದಿದಿರಿ ಅಂತ ತೋರಿಸಬೇಕು. ಸಿಲಬಸ್ ಕನ್ನಡದಲ್ಲಿದ್ದರೆ ಊರು ಬಿಡುವ ಮುಂಚೆಯೇ ಅನುವಾದ ಮಾಡಿಸಿ, ವಿಭಾಗದ ಸೀಲು ಹಾಕಿಸಿಕೊಳ್ಳಿ.

ವೇವರ್ ಸಿಕ್ಕರೆ ಸಾಮಾನ್ಯವಾಗಿ ಆ ಕೋರ್ಸ್ ಹೋಗುತ್ತದೆ, ಅದರ ಕ್ರೆಡಿಟ್ ಹೋಗಲ್ಲ. ಅದರ ಜಾಗಕ್ಕೆ ಇನ್ನೊಂದು ತಗೋಬೇಕು. ಫೀಸು ಉಳಿಯುತ್ತೆ ಅಂತ ಲೆಕ್ಕ ಹಾಕಿಕೊಂಡವರಿಗೆ ನಿರಾಸೆ. ಮತ್ತೆ, ಇಲ್ಲಿ ಡೆಫಿನಿಷನ್ ಬಾಯಿಪಾಠ ಮಾಡಿ ಪಾಸಾದವರು ವೇವರ್ ಹಿಂದೆ ಬೀಳದಿರುವುದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಮುಂದಿನ ಕೋರ್ಸಿನಲ್ಲಿ ರಿಗ್ರೆಷನ್ ಅನ್ನುವ ಅಂಕಿಅಂಶದ ಲೆಕ್ಕ ಬಂದಾಗ ಕಣ್ಣು ಬಾಯಿ ಬಿಡಬೇಕಾಗುತ್ತದೆ.

ಕನ್ನಡ, ಇಂಗ್ಲಿಷ್, ಸ್ವಲ್ಪ ಹಿಂದಿ ಬರುತ್ತೆ. ಲ್ಯಾಂಗ್ವೇಜ್ ರಿಕ್ವೈರ್‌ಮೆಂಟ್ ಮುಗೀತಲ್ವಾ?

ಎಲ್ಲ ಕಡೆ ಭಾಷೆಯ ಷರತ್ತು ಇಲ್ಲ. ಅಮೆರಿಕದ ಫ್ಲೆಚರ್ ಸ್ಕೂಲಿನಂಥ ಹಳೇ ಸಂಸ್ಥೆಗಳಲ್ಲಿ ಇದೆ. ಮಾತೃಭಾಷೆ ಇಂಗ್ಲಿಷ್ ಅಲ್ಲದವರಿಗೆ ಹೇಗೆ ಲೆಕ್ಕ ಹಾಕುತ್ತಾರೆ ಅಂತ ಮೊದಲ ತಿಂಗಳೇ ಕೇಳಿ, ಯಾಕೆ ಅಂದರೆ ಬರುತ್ತೆ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ಪರೀಕ್ಷೆ ಕೊಟ್ಟು ತೋರಿಸಬೇಕಾಗಬಹುದು, ಕನ್ನಡಕ್ಕೆ ಪರೀಕ್ಷಕರನ್ನು ಹುಡುಕೋಕೆ ಅವರಿಗೂ ಟೈಮ್ ಬೇಕು.

35 ಬಂದ್ರೆ ಪಾಸ್, 60 ಬಂದ್ರೆ ಫಸ್ಟ್ ಕ್ಲಾಸ್. ಅಲ್ಲಿ ಬಿ ಬಂದ್ರೆ ಯಾಕೆ ಅಷ್ಟು ಗಾಬರಿ?

ಅಲ್ಲಿ ಮಾಸ್ಟರ್ಸ್ ಮಟ್ಟದಲ್ಲಿ ಬಿ ಅಂದರೆ ಗಡಿ. ಎ 4.0, ಬಿ 3.0, ಪದವಿ ಸಿಗೋಕೆ ಒಟ್ಟು ಸರಾಸರಿ 3.0 ಇರಬೇಕು ಅನ್ನೋದು ಬಹಳ ಕಡೆ ಇರುವ ನಿಯಮ. ಒಂದು ಲೆಕ್ಕ ನೋಡಿ. ಸಮ ಕ್ರೆಡಿಟ್ಟಿನ ಮೂರು ಕೋರ್ಸ್. ಬಿ ಪ್ಲಸ್ ಒಂದು, 3.3. ಬಿ ಒಂದು, 3.0. ಸಿ ಪ್ಲಸ್ ಒಂದು, 2.3. ಸರಾಸರಿ 2.87. ಮೂರರಲ್ಲೂ ಪಾಸ್, ಆದರೂ ಗಡಿಯಿಂದ ಕೆಳಗೆ. ಆಗ ಅಕಾಡೆಮಿಕ್ ಪ್ರೊಬೇಷನ್ ಅಂತ ಪತ್ರ ಬರುತ್ತದೆ. ಅದು ಓಡಿಸುವ ನೋಟಿಸ್ ಅಲ್ಲ, ಮುಂದಿನ ಸೆಮಿಸ್ಟರ್ ಮೇಲೆ ತನ್ನಿ ಅನ್ನುವ ಎಚ್ಚರಿಕೆ. ಅದು ಬಂದರೆ ಮುಚ್ಚಿಟ್ಟುಕೊಂಡು ಕೂರಬೇಡಿ, ಸೀದಾ ಅಡ್ವೈಸರ್ ಹತ್ತಿರ ಹೋಗಿ. ನಮ್ಮ ಹಾಗೆ ಸಪ್ಲಿಮೆಂಟರಿ ಕಟ್ಟಿ ಸರಿ ಮಾಡಿಕೊಳ್ಳುವ ದಾರಿ ಅಲ್ಲಿ ಸಾಮಾನ್ಯವಾಗಿ ಇಲ್ಲ.

ನಾನು ಮಗಳ ಅಪ್ಪ, ಫೀಸ್ ಕಟ್ಟೋನು ನಾನೇ. ಮಾರ್ಕ್ಸ್ ಕೇಳಿದ್ರೆ ಯೂನಿವರ್ಸಿಟಿಯವರು ಯಾಕೆ ಹೇಳಲ್ಲ?

ಇದನ್ನು ಕೇಳಿದವರು ಮಂಡ್ಯ ಕಡೆಯವರು, ಸಿಟ್ಟಲ್ಲೇ ಕೇಳಿದರು. ಯಜಮಾನರೇ, ಅದು ಅಲ್ಲಿನ ಕಾನೂನು. 1974ರ ಫೆರ್ಪಾ ಕಾಯ್ದೆ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದೇ. ಮಗಳು ಒಪ್ಪಿಗೆ ಬರೆದುಕೊಟ್ಟರೆ ಹೇಳುತ್ತಾರೆ. ಆಫೀಸಿಗೆ ಫೋನ್ ಮಾಡೋ ಬದಲು ಭಾನುವಾರ ಮಗಳಿಗೇ ಮಾಡಿ, ಊಟ ಆಯ್ತಾ ಅಂತ ಶುರು ಮಾಡಿ.

### ಸ್ವಲ್ಪ ತಲೆನೋವಿನವು

ಒಂದು ಕೋರ್ಸ್ ಕಷ್ಟ ಆಗ್ತಿದೆ, ಬಿಟ್ಟುಬಿಡಲಾ?

ಬಿಡಬಹುದು. ಒಬ್ಬರೇ ಕೂತು ಬಿಡಬೇಡಿ.

ಡ್ರಾಪ್ ಬೇರೆ, ವಿಥ್‌ಡ್ರಾ ಬೇರೆ. ಮೊದಲ ಕೆಲವು ವಾರದೊಳಗೆ ಬಿಟ್ಟರೆ ಅದು ಡ್ರಾಪ್, ಮಾರ್ಕ್ಸ್ ಕಾರ್ಡಿನಲ್ಲಿ ಸುಳಿವೂ ಇರಲ್ಲ. ಆ ದಿನಾಂಕ ದಾಟಿದರೆ ವಿಥ್‌ಡ್ರಾ, ಡಬ್ಲ್ಯು ಅಂತ ಬೀಳುತ್ತದೆ. ಡಬ್ಲ್ಯು ಸರಾಸರಿಗೆ ಸೇರಲ್ಲ, ಒಂದು ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಫೀಸ್ ವಾಪಸ್ ಬರುವುದು ವಾರ ಕಳೆದ ಹಾಗೆ ಕರಗುತ್ತಾ ಹೋಗುತ್ತದೆ.

ಅಸಲಿ ಅಪಾಯ ವೀಸಾದ್ದು. ಎಫ್-1 ಅನ್ನುವ ಅಮೆರಿಕದ ವಿದ್ಯಾರ್ಥಿ ವೀಸಾದವರು ಪ್ರತಿ ಅವಧಿಯಲ್ಲೂ ಪೂರ್ಣಾವಧಿ ಓದಿನಲ್ಲಿ ಇರಬೇಕು. ಸೆಮಿಸ್ಟರ್ ಪದ್ಧತಿಯ ಬಹಳ ಕಡೆ ಮಾಸ್ಟರ್ಸ್‌ಗೆ ಅದು 9 ಕ್ರೆಡಿಟ್. ನನಗೆ ಗೊತ್ತಿರುವ ಹುಡುಗ ಒಬ್ಬ ರಾತ್ರಿ ಹನ್ನೆರಡಕ್ಕೆ ಹಾಸ್ಟೆಲ್ ರೂಮಿನಲ್ಲಿ ಕೂತು ಸ್ಟಾಟಿಸ್ಟಿಕ್ಸ್ ಬೇಡ ಅಂತ ಒಂದು ಬಟನ್ ಒತ್ತಿದ. 9 ಇದ್ದದ್ದು 6 ಆಯಿತು. ಸಿಸ್ಟಮ್ ತಡೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಕೆಲವು ದಿನ ಬಿಟ್ಟು, ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಂದ ಇಮೇಲ್ ಬಂತು, ಕೆಂಪು ಗುರುತು ಹಾಕಿಕೊಂಡು. ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಏನೂ ಹೇಳದೆ ಅತ್ತನಂತೆ. ಅರ್ಧ ಸೆಮಿಸ್ಟರ್ ಕಳೆದ ಮೇಲೆ ಶುರುವಾಗುವ ಸಣ್ಣ ಕೋರ್ಸುಗಳು ಇರುತ್ತವೆ, ಅಡ್ವೈಸರ್ ಅಂಥವು ಎರಡು ಹುಡುಕಿ ಸೇರಿಸಿದರು, ಬಚಾವಾದ.

ನಿಜವಾಗಿ ಕಮ್ಮಿ ಓದಬೇಕಾದ ಪರಿಸ್ಥಿತಿ ಇದ್ದರೆ ಅದಕ್ಕೂ ದಾರಿ ಇದೆ. ಶುರುವಿನ ದಿನಗಳಲ್ಲಿ ಓದುವ ಕ್ರಮಕ್ಕೆ ಅಥವಾ ಭಾಷೆಗೆ ಹೊಂದಿಕೊಳ್ಳುವ ಕಷ್ಟ, ಕಾಯಿಲೆ, ಕೊನೆ ಸೆಮಿಸ್ಟರಿನಲ್ಲಿ ಮಿಕ್ಕಿರುವುದೇ ಸ್ವಲ್ಪ, ಇಂಥ ಕಾರಣಕ್ಕೆ ಇಂಟರ್‌ನ್ಯಾಷನಲ್ ಆಫೀಸಿನವರು ಅನುಮತಿ ಕೊಡಬಹುದು. ಅನುಮತಿ ಮೊದಲು, ಬಟನ್ ಆಮೇಲೆ.

ಮನೇಲಿ ತೊಂದರೆ ಆಯ್ತು, ಆರು ತಿಂಗಳು ಊರಿಗೆ ಹೋಗಿ ಬರಬಹುದಾ?

ಬರಬಹುದು, ಲೀವ್ ಆಫ್ ಆಬ್ಸೆನ್ಸ್ ಅಂತ. ಸೀಟು ಉಳಿಯುತ್ತದೆ. ಪದವಿ ಮುಗಿಸೋಕೆ ಇರುವ ಗರಿಷ್ಠ ಅವಧಿಯಲ್ಲಿ ರಜೆಯೂ ಸೇರುತ್ತಾ ಅಂತ ಕೇಳಿಕೊಳ್ಳಿ. ಎಫ್-1ನವರು ಓದು ನಿಲ್ಲಿಸಿ ಐದು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಹಳೇ ಐ-20 (ವೀಸಾಗೆ ಅಂತ ಯೂನಿವರ್ಸಿಟಿ ಕೊಡುವ ಪತ್ರ) ನಡೆಯಲ್ಲ, ಹೊಸದು ಮಾಡಿಸಬೇಕು, ವೀಸಾ ಕೂಡ ಮತ್ತೆ ಬೇಕಾಗಬಹುದು. ಒಂದು ಪೇಪರ್ ಬರೆಯೋದು ಮಾತ್ರ ಬಾಕಿ ಇದ್ದರೆ ಲೀವ್ ಬೇಡ, ಇನ್‌ಕಂಪ್ಲೀಟ್ ಕೇಳಿ. ಗ್ರೇಡ್ ಜಾಗದಲ್ಲಿ ಐ ಇರುತ್ತದೆ, ಹೇಳಿದ ದಿನದೊಳಗೆ ಕೊಟ್ಟರೆ ಸರಿಹೋಗುತ್ತದೆ. ಕೊಡದೆ ಹೋದರೆ ಬಹಳ ಕಡೆ ಅದು ತಾನಾಗೇ ಎಫ್ ಆಗುತ್ತದೆ.

ಇಂಟರ್ನ್‌ಶಿಪ್, ಕೆಲಸ ಇವಕ್ಕೂ ಅಡ್ವೈಸರ್‌ಗೂ ಏನು ಸಂಬಂಧ?

ತುಂಬ ಇದೆ. ಮೊದಲ ವರ್ಷ ಆದ ಮೇಲೆ ಬೇಸಿಗೆಯಲ್ಲಿ ಕ್ಯಾಂಪಸ್ ಹೊರಗೆ ಸಂಬಳಕ್ಕೆ ಇಂಟರ್ನ್‌ಶಿಪ್ ಮಾಡಬೇಕಾದರೆ ಎಫ್-1ನವರಿಗೆ ಸಾಮಾನ್ಯವಾಗಿ ಸಿಪಿಟಿ ಅನ್ನುವ ಕೆಲಸದ ಅನುಮತಿ ಬೇಕು. ಆ ಇಂಟರ್ನ್‌ಶಿಪ್ ಓದಿನ ಭಾಗ ಅಂತ ವಿಭಾಗದವರು ಒಪ್ಪಬೇಕು. ಆಫರ್ ಸಿಕ್ಕ ಖುಷಿಯಲ್ಲಿ ಸೋಮವಾರವೇ ಹೋಗಿ ಕೂರಬೇಡಿ, ಅನುಮತಿ ಬರುವ ಮುಂಚೆ ಒಂದು ದಿನ ಕೆಲಸ ಮಾಡಿದರೂ ತಪ್ಪು ತಪ್ಪೇ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮಾಡಿದರೆ ಆಮೇಲೆ ಆ ಹಂತದ ಒಪಿಟಿ ಸಿಗಲ್ಲ.

ಒಪಿಟಿ ಅಂದರೆ ಪದವಿ ಆದ ಮೇಲಿನ 12 ತಿಂಗಳ ಕೆಲಸದ ಅವಕಾಶ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರುವ ಪದವಿಯಾದರೆ ಇನ್ನೂ 24 ತಿಂಗಳು. ಇಂಟರ್‌ನ್ಯಾಷನಲ್ ಪಾಲಿಸಿ ಪದವಿಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರಲ್ಲ, ಅಂಕಿಅಂಶದ ಕೆಲಸ ಜಾಸ್ತಿ ಇರುವ ಕೆಲವು ಬರುತ್ತವೆ. ಕೋರ್ಸಿನ ಹೆಸರು ನೋಡಿ ಊಹಿಸಬೇಡಿ, ಐ-20 ಮೇಲೆ ಒಂದು ಕೋಡ್ ಸಂಖ್ಯೆ ಇರುತ್ತದೆ, ಅದನ್ನು ತೋರಿಸಿ ಕೇಳಿ. ಇದನ್ನು ಸೇರುವ ಮುಂಚೆಯೇ ಕೇಳಬೇಕಿತ್ತು ಅಂತ ಎರಡನೇ ವರ್ಷದಲ್ಲಿ ಹಲುಬಿದವರು ಬಹಳ.

ಥೀಸಿಸ್ ಒಳ್ಳೇದಾ, ಕ್ಯಾಪ್‌ಸ್ಟೋನ್ ಒಳ್ಳೇದಾ?

ಆಯ್ಕೆ ಇದ್ದರೆ ಮಾತ್ರ ಈ ಪ್ರಶ್ನೆ. ಸ್ಟ್ಯಾನ್‌ಫರ್ಡಿನ ಇಂಟರ್‌ನ್ಯಾಷನಲ್ ಪಾಲಿಸಿ ಮಾಸ್ಟರ್ಸ್‌ನಲ್ಲಿ ಎರಡನೇ ವರ್ಷ ಕ್ಯಾಪ್‌ಸ್ಟೋನ್ ಇದೆ: ಗುಂಪಾಗಿ, ಹೊರಗಿನ ಒಂದು ಸಂಸ್ಥೆಗೆ, ಅವರ ನಿಜವಾದ ಸಮಸ್ಯೆ ಮೇಲೆ. ಪಿಎಚ್.ಡಿ. ಕಡೆ ಮನಸ್ಸಿದ್ದರೆ ಥೀಸಿಸ್. ಉಳಿದವರಿಗೆ ಕ್ಯಾಪ್‌ಸ್ಟೋನ್. ಗುಂಪಿನಲ್ಲಿ ಒಬ್ಬ ಕೆಲಸಗಳ್ಳ ಇದ್ದೇ ಇರುತ್ತಾನೆ, ಅದು ದೇಶ ಯಾವುದಾದರೂ ಒಂದೇ.

ಗಂಗೋತ್ರಿ ಎಂ.ಎ. ಕ್ರೆಡಿಟ್ ಅಲ್ಲಿಗೆ ವರ್ಗ ಮಾಡಿಸಿ ಒಂದು ವರ್ಷ ಉಳಿಸಬಹುದಾ?

ಹೆಚ್ಚಿನ ಕಡೆ ಆಗಲ್ಲ. ಒಂದು ಪದವಿ ಪಡೆಯೋಕೆ ಬಳಸಿದ ಕ್ರೆಡಿಟ್ ಇನ್ನೊಂದು ಪದವಿಗೆ ಬರಲ್ಲ ಅನ್ನೋದು ಸಾಮಾನ್ಯ ನಿಯಮ. ಕೆ.ಎಸ್.ಒ.ಯು.ದಲ್ಲಿ ಓದಿದವರಿಗೂ ಅಷ್ಟೇ. ಎಂ.ಎ.ಯ ಉಪಯೋಗ ವೇವರ್‌ನಲ್ಲಿ, ಅರ್ಜಿಯಲ್ಲಿ ಇದೆ.

ಚಾಟ್‌ಜಿಪಿಟಿಯಲ್ಲಿ ಬರೆಸಿದ್ರೆ ಗೊತ್ತಾಗುತ್ತಾ?

ಪ್ರಶ್ನೆ ಕೇಳಿದ ರೀತಿಯಲ್ಲೇ ಉತ್ತರ ಇದೆ. ಕೋರ್ಸಿಂದ ಕೋರ್ಸಿಗೆ ನಿಯಮ ಬೇರೆ: ಒಬ್ಬರು ಬಳಸಿ, ಬಳಸಿದ್ದು ಎಲ್ಲಿ ಅಂತ ಹೇಳಿ ಅಂತಾರೆ, ಪಕ್ಕದ ಕ್ಲಾಸಿನವರು ಮುಟ್ಟಲೇಬೇಡಿ ಅಂತಾರೆ. ಸಿಲಬಸ್ಸಿನಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ. ನಮ್ಮವರು ಸಿಕ್ಕಿಬೀಳುವುದು ಜಾಸ್ತಿ ಬೇರೆ ಕಡೆ. ಗೈಡ್ ಪುಸ್ತಕದ ಸಾಲು ಹಾಗೇ ಬರೆದರೆ ಇಲ್ಲಿ ಪೂರ್ತಿ ಮಾರ್ಕ್ಸ್, ಅಲ್ಲಿ ಅದು ಕಳ್ಳತನ. ಯಾರ ಮಾತು ಅಂತ ಹೇಳದೆ ಎರಡು ಸಾಲು ಎತ್ತಿದರೂ ಶಿಸ್ತು ಸಮಿತಿ ಮುಂದೆ ಕೂರಬೇಕಾಗಬಹುದು.

ನಿಯಮದಲ್ಲಿ ವಿನಾಯಿತಿ ಕೇಳಬಹುದಾ? ಅರ್ಜಿ ಹೇಗೆ ಬರೀಲಿ?

ಕೇಳಬಹುದು, ಅದಕ್ಕೆ ಪೆಟಿಷನ್ ಅಂತಾರೆ. ಆದರೆ "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿ ಮನೆ ಕಷ್ಟವೆಲ್ಲ ಬರೆದು ಕೊನೇ ಸಾಲಿನಲ್ಲಿ ವಿಷಯ ಹೇಳುವ ನಮ್ಮ ಪದ್ಧತಿ ಅಲ್ಲಿ ನಡೆಯಲ್ಲ. ಮೊದಲ ಸಾಲಲ್ಲೇ ಏನು ಬೇಕು ಬರೆಯಿರಿ. ಯಾವ ನಿಯಮ, ಅದರ ಬದಲು ಏನು ಮಾಡುತ್ತೀರಿ, ಅದು ಯಾಕೆ ಸರಿಸಮ. ಎಕನಾಮಿಕ್ಸ್ ವಿಭಾಗದ ಕೋರ್ಸನ್ನು ನಿಮ್ಮ ಕಡ್ಡಾಯ ಕೋರ್ಸಿನ ಜಾಗಕ್ಕೆ ಕೇಳುವುದಾದರೆ ಎರಡರ ಸಿಲಬಸ್ಸೂ ಲಗತ್ತಿಸಿ, ಒಂದೇ ಇರುವ ವಾರಗಳಿಗೆ ಗುರುತು ಹಾಕಿ. ಕೋರ್ಸ್ ಮುಗಿದ ಮೇಲೆ ಕೇಳುವುದಕ್ಕಿಂತ ಶುರುವಾಗುವ ಮುಂಚೆ ಕೇಳಿದ್ದಕ್ಕೆ ಹೂಂ ಬರುವುದು ಜಾಸ್ತಿ. ಇಲ್ಲ ಅಂದರೆ ಕಾರಣ ಕೇಳಿ, ಅದು ಜಗಳ ಅಲ್ಲ.

ವಾಪಸ್ ಬಂದ್ರೆ ಆ ಡಿಗ್ರಿ ಇಲ್ಲಿ ನಡೆಯುತ್ತಾ?

ಖಾಸಗಿ ಕೆಲಸಕ್ಕೆ ಸಾಮಾನ್ಯವಾಗಿ ಯಾರೂ ಕೇಳಲ್ಲ. ಸರ್ಕಾರಿ ಕಾಲೇಜು, ಪಿಎಚ್.ಡಿ., ನೆಟ್ ಪರೀಕ್ಷೆ ಅಂತ ಹೋದರೆ ತತ್ಸಮಾನ ಪ್ರಮಾಣಪತ್ರ ಕೇಳಬಹುದು. ಇದಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿದೆ, ಈಗ ಅವರೇ ಕೊಡುವ ವ್ಯವಸ್ಥೆ. ಇಂಗ್ಲೆಂಡಿನ ಒಂದು ವರ್ಷದ ಮಾಸ್ಟರ್ಸ್ ಬಗ್ಗೆ ತುಂಬ ದಿನ ತಕರಾರಿತ್ತು, 2022ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು ಅದನ್ನೂ ಒಳಗೆ ಸೇರಿಸಿದವು. ನೆಟ್‌ಗೆ ಸಾಮಾನ್ಯ ವರ್ಗದವರಿಗೆ 55 ಪರ್ಸೆಂಟ್ ಬೇಕು, ನಿಮ್ಮ ಹತ್ತಿರ ಇರುವುದು 4ಕ್ಕೆ ಇಷ್ಟು ಅನ್ನುವ ಜಿಪಿಎ. ಹಾಗಾಗಿ ಗ್ರೇಡ್ ಅಂದರೆ ಏನು ಅಂತ ಯೂನಿವರ್ಸಿಟಿಯೇ ವಿವರಿಸಿರುವ ಹಾಳೆ ಟ್ರಾನ್ಸ್‌ಕ್ರಿಪ್ಟ್ ಜೊತೆ ತಗೊಂಡು ಬನ್ನಿ.

ಸಿಲಬಸ್ಸುಗಳನ್ನೂ ಇಳಿಸಿಕೊಳ್ಳಿ, ಪದವಿ ಆದ ಮೇಲೆ ಲಾಗಿನ್ ಮುಚ್ಚಿಬಿಡುತ್ತಾರೆ. ನಾನು ಎಲ್ಲ ಕೋರ್ಸಿನದೂ ಸರಸ್ವತಿಪುರಂನಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಅಂಗಡಿಯವರು ಕೈಯಲ್ಲಿ ತೂಗಿ ನೋಡಿ, "ಥೀಸಿಸ್ಸಾ ಮೇಡಂ?" ಅಂದರು. ಇಲ್ಲ, ಬರೀ ಪಾಠದ ಪಟ್ಟಿ ಅಂದೆ. ನಂಬಲಿಲ್ಲ.